ಜೋತುಬಿದ್ದ ಮೊಲದ ಕಿವಿ

ಎಲ್ಲರಿಗೂ ನಮಸ್ಕಾರ.

ಮಟನ್ ಬೇಗ ಬೇಯಲಿ ಅಂತ ಪರಂಗಿಕಾಯಿ ಚೂರು ಹಾಕುವುದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು, ಅಲ್ವಾ? ಆ ಕಾಯಿಯ ಹಾಲಿನಲ್ಲಿ ಪಪೈನ್ ಎಂಬ ಕಿಣ್ವ ಇದೆ. ಮಾಂಸವನ್ನು ಮೆತ್ತಗೆ ಮಾಡುವುದು ಅದೇ. 1940ರ ದಶಕದಲ್ಲಿ ಅಮೆರಿಕದ ವೈದ್ಯ ಲೂಯಿಸ್ ಥಾಮಸ್ ಅದನ್ನು ಮೊಲಗಳಿಗೆ ಚುಚ್ಚಿದರು. ಅವರು ಹುಡುಕುತ್ತಿದ್ದದ್ದು ಬೇರೆ ಏನನ್ನೋ. ಆದರೆ ಕೆಲವೇ ಗಂಟೆಗಳಲ್ಲಿ ಮೊಲಗಳ ನೆಟ್ಟಗಿನ ಕಿವಿಗಳು ಬಾಡಿದ ಎಲೆಯ ಹಾಗೆ ಜೋತುಬಿದ್ದವು. ಕೆಲವು ದಿನ ಕಳೆದ ಮೇಲೆ ತಾವಾಗಿಯೇ ಎದ್ದು ನಿಂತವು.

ಥಾಮಸ್ ಕಿವಿಯ ತೆಳು ಪದರಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏನೂ ಕಾಣಲಿಲ್ಲ. ಬೇರೆ ಕೆಲಸ ಬಂತು, ಬಿಟ್ಟರು.

ಈಗ ನಿಮ್ಮ ಕಿವಿಯನ್ನೇ ಒಮ್ಮೆ ಮಡಿಸಿ ಬಿಡಿ. ಪಟ್ಟನೆ ಮೊದಲಿನಂತಾಗುತ್ತದೆ. ಒಳಗಿರುವ ಮೃದ್ವಸ್ಥಿಯ ಕೆಲಸ ಅದು. ಆಗ ಎಲ್ಲರೂ ಮೃದ್ವಸ್ಥಿ ಎಂದರೆ ಸುಮ್ನೆ ಬಿದ್ದಿರುವ, ಏನೂ ನಡೆಯದ ವಸ್ತು ಎಂದುಕೊಂಡಿದ್ದರು. ಥಾಮಸ್ ಕೂಡ. ವರ್ಷಗಳ ನಂತರ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಅದೇ ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿದರು. ಈ ಸಲ ಜೋತುಬಿದ್ದ ಕಿವಿಯ ಪಕ್ಕದಲ್ಲಿ ಆರೋಗ್ಯವಾದ ಮೊಲದ ಕಿವಿಯನ್ನೂ ಇಟ್ಟು ನೋಡಿದರು. ಆಗ ಹೊಳೆಯಿತು. ಮೃದ್ವಸ್ಥಿಯ ಜೀವಕೋಶಗಳ ನಡುವೆ ತುಂಬಿಕೊಂಡಿರುವ ಗಟ್ಟಿ ವಸ್ತುವೇ ಕರಗಿಹೋಗಿತ್ತು! ಮೊದಲ ಸಲ ತಮ್ಮ ಕಣ್ಣಿಗೆ ಅದು ಯಾಕೆ ಬೀಳಲಿಲ್ಲ ಎಂಬುದನ್ನು ಆಮೇಲೆ ಸಮಾಜವಿಜ್ಞಾನಿಗಳಿಗೆ ಮನಬಿಚ್ಚಿ ಹೇಳಿದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದ.

ಥಾಮಸ್ ಹುಟ್ಟಿದ್ದು 1913ರಲ್ಲಿ, ನ್ಯೂಯಾರ್ಕಿನ ಫ್ಲಷಿಂಗ್‌ನಲ್ಲಿ. ಅಪ್ಪನೂ ಡಾಕ್ಟರು. ಥಾಮಸ್ ಹಾರ್ವರ್ಡ್‌ನಲ್ಲಿ ಓದಿದರು, ಎರಡು ವೈದ್ಯಕೀಯ ಕಾಲೇಜುಗಳ ಡೀನ್ ಆದರು, 1973ರಲ್ಲಿ ನ್ಯೂಯಾರ್ಕಿನ ದೊಡ್ಡ ಕ್ಯಾನ್ಸರ್ ಸಂಸ್ಥೆಯೊಂದರ ಅಧ್ಯಕ್ಷರಾದರು. ಅಂಕಣ ಬರೆಯಲು ಶುರು ಮಾಡಿದ್ದು 1971ರಲ್ಲಿ, ಐವತ್ತೆಂಟರ ಆಸುಪಾಸಿನಲ್ಲಿ. ವೈದ್ಯರೇ ಓದುವ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ತಿಂಗಳಿಗೊಂದು ಬರಹ, ಸುಮಾರು ಸಾವಿರ ಪದ. ಸಂಭಾವನೆ ಇಲ್ಲ, ಆದರೆ ಅವರು ಬರೆದದ್ದನ್ನು ಯಾರೂ ತಿದ್ದುವ ಹಾಗೂ ಇಲ್ಲ. 1974ರಲ್ಲಿ ಆ ಬರಹಗಳು 'ದಿ ಲೈವ್ಸ್ ಆಫ್ ಎ ಸೆಲ್' ಎಂಬ ಪುಸ್ತಕವಾಗಿ ಬಂದವು. ವಿಜ್ಞಾನದ ಗಂಧವೇ ಇಲ್ಲದವರೂ ಕೊಂಡು ಓದಿದರು.

ಆ ಪುಸ್ತಕದಲ್ಲೂ ನನಗೆ ಕಾಣುವುದು ಅದೇ ಮೊಲದ ಕಿವಿ. ಮೈಟೋಕಾಂಡ್ರಿಯ ಗೊತ್ತಲ್ಲ? ಶಾಲೆಯಲ್ಲಿ ಚಿತ್ರ ಬರೆದು, 'ಜೀವಕೋಶದ ಶಕ್ತಿಕೇಂದ್ರ' ಅಂತ ಹೆಸರು ಗುರುತಿಸಿ, ಅಂಕ ತಗೊಂಡು ಮರೆತುಬಿಟ್ಟಿದ್ದೇವೆ. ಥಾಮಸ್ ಅದನ್ನು ಮತ್ತೆ ನೋಡಿದರು. ಅದಕ್ಕೆ ತನ್ನದೇ ಡಿಎನ್‌ಎ ಇದೆ. ಯಾವುದೋ ಕಾಲದಲ್ಲಿ ಬೇರೆ ಕೋಶದೊಳಗೆ ಬಂದು ಸೇರಿದ ಬ್ಯಾಕ್ಟೀರಿಯಾದ ವಂಶ ಅದು. ಅದಿಲ್ಲದೆ ನಾವು ಬೆರಳನ್ನೂ ಅಲ್ಲಾಡಿಸಲಾರೆವು. ಹಾಗಾದರೆ ಈ ಮೈ ಪೂರ್ತಿ ನನ್ನದೇನಾ, ಅಥವಾ ನಾವೆಲ್ಲ ಒಟ್ಟಿಗೆ ವಾಸ ಮಾಡುತ್ತಿದ್ದೇವಾ ಎಂದು ಅವರು ಬೆರಗಿನಿಂದ ಕೇಳುತ್ತಾರೆ. ಅದನ್ನು ಓದಿದ ರಾತ್ರಿ ನಾನು ನನ್ನ ಅಂಗೈಯನ್ನೇ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.