ಬೂದು ಕಿಲ್ಟ್‌ನ ಗುಮಾಸ್ತರು

ಕೇಳುಗರಿಗೆ ನಮಸ್ಕಾರ.

ಲಂಡನ್ ಸ್ಕಾಟಿಷ್ ರೆಜಿಮೆಂಟ್ ಅಂದ ಕೂಡಲೇ ಜನ ಕೇಳುವುದು ಸ್ಕಾಟ್ಲೆಂಡಿನ ಗಂಡಸರು ಉಡುವ ಲಂಗದಂಥ ಕಿಲ್ಟ್ ಬಗ್ಗೆ, ಬ್ಯಾಗ್‌ಪೈಪ್ ಬಗ್ಗೆ. ಇರಲಿ. ಆದರೆ ದಯವಿಟ್ಟು ಮೊದಲು ಇದನ್ನು ಕೇಳಿ. ಇದು ಬ್ರಿಟಿಷ್ ಸೈನ್ಯದ ಮೀಸಲು ಪಡೆ. ಅಂದರೆ ಗುಮಾಸ್ತಿಕೆಯಂಥ ಕೆಲಸ ಮಾಡಿಕೊಂಡು, ಬಿಡುವಿನಲ್ಲಿ ಕವಾಯತು ಮಾಡುವವರ ಪಡೆ. ಇವರೆಲ್ಲ ಬೇರೆ ಕೆಲಸ ಇದ್ದವರು.

1859ರಲ್ಲಿ ಫ್ರಾನ್ಸಿನ ಮೂರನೇ ನೆಪೋಲಿಯನ್ ದಂಡೆತ್ತಿ ಬರುತ್ತಾನೆಂದು ಬ್ರಿಟನ್ನಿನಲ್ಲಿ ಭಯ ಹಬ್ಬಿತ್ತು. ಜನ ತಾವಾಗಿಯೇ ಬಂದೂಕು ಹಿಡಿದು ಕವಾಯತಿಗೆ ನಿಂತರು. ಲಂಡನ್ನಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವರೂ ಒಂದು ಪಡೆ ಕಟ್ಟಿದರು. ಮುಖಂಡ ಲಾರ್ಡ್ ಎಲ್ಕೊ. ಅವರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಚೌಕಳಿ ಬಟ್ಟೆ. ಒಂದನ್ನು ಆರಿಸಿದರೆ ಉಳಿದವರಿಗೆ ಮುನಿಸು, ಅಲ್ವಾ? ಎಲ್ಕೊ ಚೌಕಳಿಯೇ ಬೇಡ ಅಂದರು. ಹಾಡನ್ ಗ್ರೇ ಎಂಬ ಬೂದು ಬಣ್ಣದ ಒರಟು ಉಣ್ಣೆ ಬಟ್ಟೆ ತಂದರು. ಜಿಂಕೆ ಬೇಟೆಗಾರನ ಹಾಗೆ ಸೈನಿಕನೂ ಕಣ್ಣಿಗೆ ಬೀಳಬಾರದು ಅನ್ನುವುದು ಅವರ ವಾದ. ಸೈನ್ಯ ಕೆಂಪು ಕೋಟು ತೊಡುತ್ತಿದ್ದ ಕಾಲ ಅದು!

ಈಗ 1914ಕ್ಕೆ, ಮೊದಲ ಮಹಾಯುದ್ಧಕ್ಕೆ ಬನ್ನಿ. ಅಕ್ಟೋಬರ್ 31, ಬೆಲ್ಜಿಯಂನ ಮೆಸೀನ್ ದಿಬ್ಬ. ಈ ಗುಮಾಸ್ತರನ್ನು ರಣರಂಗದ ಕಡೆಗೆ ತಂದದ್ದು ಯಾವುದು ಗೊತ್ತೇ? ಲಂಡನ್ನಿನ ಬಸ್ಸುಗಳು. ಅವರಲ್ಲಿ ರೊನಾಲ್ಡ್ ಕೋಲ್ಮನ್ ಕೂಡ ಇದ್ದರು. ಮುಂದೆ ಹಾಲಿವುಡ್ ನಟ, ಮೊದಲು ಹಡಗು ಕಂಪನಿಯ ಗುಮಾಸ್ತ. ಇವರ ಪಡೆಯ ಕೈಗೆ ಕೊಟ್ಟಿದ್ದು ಹಳೆಯ ರೈಫಲ್. ಹೊಸ ಮಾದರಿಯ ಗುಂಡಿಗೆಂದು ಅದನ್ನು ತಿದ್ದಿದ್ದರು. ಆದರೆ ಮ್ಯಾಗಜೀನ್, ಅಂದರೆ ಗುಂಡು ತುಂಬಿಡುವ ಪೆಟ್ಟಿಗೆ, ಗುಂಡನ್ನು ಮೇಲಕ್ಕೆ ತಳ್ಳುತ್ತಲೇ ಇರಲಿಲ್ಲ. ಒಂದು ಗುಂಡು ಕೈಯಲ್ಲಿ ತುಂಬು, ಹಾರಿಸು. ಮತ್ತೊಂದು ತುಂಬು, ಹಾರಿಸು. ಬೆಳದಿಂಗಳ ರಾತ್ರಿ. ಎದುರಿಗೆ ಅಲೆ ಅಲೆಯಾಗಿ ನುಗ್ಗುವ ಜರ್ಮನ್ ಸೈನಿಕರು. ಕಡೆಗೆ ಬಂದೂಕಿನ ತುದಿಯ ಚೂರಿ, ಬಯೊನೆಟ್ ಹಿಡಿದು ಮೈಮೇಲೆ ಬಿದ್ದು ಕಾದಾಡಿದರು. ಬೆಳಗಿನ ಜಾವದವರೆಗೂ ನಿಂತರು. ಸುಮಾರು 700 ಜನರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 394. ಕೋಲ್ಮನ್ ಅವರ ಕಾಲಿಗೂ ಪೆಟ್ಟು ಬಿತ್ತು. ಜರ್ಮನರ ಎದುರು ಕಾಳಗಕ್ಕೆ ಇಳಿದ ಮೊದಲ ಮೀಸಲು ಪದಾತಿ ದಳ ಇವರದೇ. ‘ವಾರಾಂತ್ಯದ ಸಿಪಾಯಿಗಳು’ ಅಂತ ಯಾರಾದರೂ ಹಗುರವಾಗಿ ಅಂದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಮತ್ತೆ ಹೇಳುತ್ತೇನೆ, ಇವರೆಲ್ಲ ಬೇರೆ ಕೆಲಸ ಇದ್ದವರು.

ಸಮಯ ಜಾಸ್ತಿ ಉಳಿದಿಲ್ಲ. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿದರು. 1944ರ ಜನವರಿಯಲ್ಲಿ ಅಲ್ಲಿ ಮಡಿದ ಜಾರ್ಜ್ ಮಿಚೆಲ್ ಎಂಬ ಸಾಮಾನ್ಯ ಸಿಪಾಯಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. 2022ರಲ್ಲಿ ಈ ಪಡೆ ಸ್ಕಾಟ್ಸ್ ಗಾರ್ಡ್ಸ್ ಎಂಬ ರೆಜಿಮೆಂಟಿನ ಮೀಸಲು ಕಂಪನಿ, ಅಂದರೆ ತುಕಡಿ, ಆಯಿತು. ಆ ಕಂಪನಿಯ ಹೆಸರಿನಲ್ಲಿ ಮೆಸೀನ್ ಇದೆ. ಇವತ್ತು ಅಲ್ಲಿ ಸೇರುವವರಿಗೂ ಸೋಮವಾರ ಬೆಳಿಗ್ಗೆ ಹೋಗಲು ಬೇರೊಂದು ಕೆಲಸ ಇರುತ್ತದೆ. ನಮಸ್ಕಾರ.