ಹಾವಿನ ಬೆನ್ನ ಮೇಲಿನ ಸೇತುವೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಸೇತುವೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಉದ್ದ 28 ಮೀಟರ್, ಅಗಲ 7.4 ಮೀಟರ್, ಅಷ್ಟೇ. ನಲವತ್ತು ಹೆಜ್ಜೆ ಹಾಕಿದರೆ ಮುಗಿದುಹೋಗುತ್ತದೆ. ಜಪಾನಿನ ತೊಚಿಗಿ ಪ್ರಾಂತ್ಯದ ನಿಕ್ಕೋ ಎಂಬ ಬೆಟ್ಟದೂರಿನಲ್ಲಿ, ದಯ್ಯಾ ನದಿಯ ಮೇಲಿದೆ. ಹೆಸರು ಶಿಂಕ್ಯೋ. ದೇವರ ಸೇತುವೆ ಎಂದರ್ಥ. ಪಕ್ಕದ ಫುತಾರಾಸಾನ್ ದೇವಸ್ಥಾನಕ್ಕೆ ಸೇರಿದ್ದು.

ಟೋಕಿಯೋದ ಅಸಾಕುಸಾದಲ್ಲಿ ರೈಲು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ನಿಕ್ಕೋ ಬರುತ್ತದೆ. ಸ್ಟೇಷನ್ನಿನಿಂದ ಬಸ್ಸಿದೆ. ಆದರೆ ನಾನು ನಡೆದೇ ಹೋದೆ, ನೀವೂ ಹಾಗೇ ಮಾಡಿ. ಊರಿನ ದೊಡ್ಡ ಬೀದಿ ನಿಧಾನವಾಗಿ ಏರುತ್ತಾ ಹೋಗುತ್ತದೆ. ದಾರಿಯಲ್ಲಿ ಯುಬಾ ಮಾರುವ ಅಂಗಡಿಗಳು. ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಪದರವನ್ನು ಎತ್ತಿ ಮಾಡುವ ತಿನಿಸು ಅದು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಹಾಲಿನ ಕೆನೆ ಎತ್ತಿಡುತ್ತೇವಲ್ಲ, ನೋಡಲು ಥೇಟ್ ಹಾಗೇ. ಏರು ಮುಗಿಯುವ ಹೊತ್ತಿಗೆ ಮೊದಲು ನೀರಿನ ಸದ್ದು ಕೇಳಿಸುತ್ತದೆ. ಆಮೇಲೆ ಕಡುಹಸಿರು ಮರಗಳ ನಡುವೆ ಕುಂಕುಮದ ಬಣ್ಣದ ಒಂದು ಬಿಲ್ಲು ಕಾಣುತ್ತದೆ. ನಾನು ಅಲ್ಲೇ ನಿಂತುಬಿಟ್ಟೆ.

ಮೊದಲು ಕಥೆ ಹೇಳುತ್ತೇನೆ.

766ನೇ ಇಸವಿ ಎನ್ನುತ್ತಾರೆ. ಶೋದೋ ಎಂಬ ಬೌದ್ಧ ಸನ್ಯಾಸಿ ಈ ಬೆಟ್ಟಗಳಲ್ಲಿ ತಪಸ್ಸು ಮಾಡಲು ಶಿಷ್ಯರ ಜೊತೆ ಬಂದ. ದಯ್ಯಾ ನದಿ ಅಡ್ಡ ಬಂತು. ಈ ನದಿ ಸಾಮಾನ್ಯದ್ದಲ್ಲ. ಮೇಲೆ ಚೂಜೆಂಜಿ ಸರೋವರದಿಂದ ಹೊರಟು, ಕೆಗೊನ್ ಜಲಪಾತದಲ್ಲಿ 97 ಮೀಟರ್ ಕೆಳಗೆ ಧುಮುಕಿ, ಬಂಡೆಗಳ ನಡುವೆ ನುಗ್ಗಿ ಬರುತ್ತದೆ. ದಾಟಲು ದಾರಿಯೇ ಇಲ್ಲ. ಶೋದೋ ದಡದಲ್ಲಿ ಕೂತು ಪ್ರಾರ್ಥಿಸಿದ. ಆಗ ಜಿಂಜಾ ದೈಓ ಎಂಬ ಉಗ್ರ ದೇವತೆ ಕಾಣಿಸಿಕೊಂಡಿತು. ಕೊರಳಲ್ಲಿ ತಲೆಬುರುಡೆಗಳ ಮಾಲೆ, ಕೈಯಲ್ಲಿ ಹಾವುಗಳು. ಒಂದು ಕೆಂಪು, ಒಂದು ನೀಲಿ. ಅದು ಹಾವುಗಳನ್ನು ನದಿಗೆ ಅಡ್ಡಲಾಗಿ ಎಸೆಯಿತು. ಹಾವುಗಳೇ ಸೇತುವೆಯಾದವು.

ಆದರೆ ಹಾವಿನ ಬೆನ್ನ ಮೇಲೆ ಕಾಲಿಡುವುದು ಹೇಗೆ? ನಾಗರಕಲ್ಲಿಗೆ ಹಾಲೆರೆಯುವ ನಮಗಂತೂ ಮೈ ಜುಮ್ಮೆನ್ನುತ್ತದೆ ಅಲ್ವಾ? ಕಥೆ ಕಟ್ಟಿದವರಿಗೂ ಅದು ಗೊತ್ತಿತ್ತು. ನೋಡನೋಡುತ್ತಿದ್ದಂತೆ ಹಾವುಗಳ ಬೆನ್ನ ಮೇಲೆ ಹುಲ್ಲು ಬೆಳೆಯಿತಂತೆ. ಶೋದೋ ಆ ಹುಲ್ಲಿನ ಮೇಲೆ ನಡೆದು ಆಚೆ ಹೋದ. ಅದಕ್ಕೇ ಈ ಸೇತುವೆಗೆ ಇನ್ನೊಂದು ಹೆಸರು 'ಯಾಮಾಸುಗೆ ನೋ ಜಾಬಾಶಿ'. ಬೆಟ್ಟದ ಹುಲ್ಲಿನ ಹಾವುಸೇತುವೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಜಿಂಜಾ ದೈಓ ಯಾರು ಗೊತ್ತಾ? ಮರಳುಗಾಡಿನಲ್ಲಿ ನೀರಿಲ್ಲದೆ ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಚೀನೀ ಯಾತ್ರಿಕನನ್ನು ಕಾಪಾಡಿದ ದೇವತೆ ಎಂದು ಅವರ ನಂಬಿಕೆ. ಭಾರತಕ್ಕೆ ಹೊರಟಿದ್ದ ಆ ಯಾತ್ರಿಕನೇ ಹ್ಯೂಯೆನ್‌ತ್ಸಾಂಗ್. ನಾವೆಲ್ಲ ಶಾಲೆಯಲ್ಲಿ ಓದಿದ, ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು ಅವನ ಬಗ್ಗೆ ಬರೆದಿಟ್ಟ ಅದೇ ಹ್ಯೂಯೆನ್‌ತ್ಸಾಂಗ್! ಆ ನದಿಯ ದಡದಲ್ಲಿ ಇದನ್ನು ನೆನೆದಾಗ ನನಗೆ ಕಣ್ಣು ತುಂಬಿ ಬಂತು. ಅವನನ್ನು ನಮ್ಮ ಕಡೆ ಕಳಿಸಿಕೊಟ್ಟ ದೇವತೆಯೇ ಇಲ್ಲಿ ಇನ್ನೊಬ್ಬನನ್ನು ನದಿ ದಾಟಿಸಿದೆ. ದಾರಿ ಕಾಣದೆ ನಿಂತವರ ದೇವರು ಅದು.

ಈಗ ಸೇತುವೆಯನ್ನೇ ನೋಡೋಣ. ಇದರ ಕಟ್ಟಣೆಗೆ ಜಪಾನಿನಲ್ಲಿ ಹಾನೆಬಾಶಿ ಎನ್ನುತ್ತಾರೆ. ಎರಡೂ ದಡದ ಬಂಡೆಯಲ್ಲಿ ಗುಳಿ ತೋಡುತ್ತಾರೆ. ದಪ್ಪ ತೊಲೆಗಳ ಬುಡವನ್ನು ಅದರೊಳಗೆ ಹೂತು, ತುದಿಯನ್ನು ನದಿಯ ಮೇಲೆ ಚಾಚಿಸುತ್ತಾರೆ. ಕಿಟಕಿ ಮೇಲಿನ ಸಜ್ಜಾ ಗೋಡೆಯನ್ನು ಕಚ್ಚಿಕೊಂಡು ಹೊರಗೆ ಚಾಚಿರುತ್ತದಲ್ಲ, ಹಾಗೆ. ಆ ದಡದಿಂದ ಬಂದ ತೊಲೆ, ಈ ದಡದಿಂದ ಬಂದ ತೊಲೆ. ನಡುವೆ ಉಳಿದ ಜಾಗಕ್ಕೆ ಇನ್ನೊಂದು ತೊಲೆ ಕೂರಿಸಿದರೆ ಸೇತುವೆ ಸಿದ್ಧ.

ದಡದಿಂದ ಬಗ್ಗಿ ಅಡಿಭಾಗವನ್ನು ನೋಡುತ್ತಿದ್ದಾಗ ನನಗೊಂದು ಹೊಳೆಯಿತು. ಬರೀ ನನ್ನ ಊಹೆ, ಇತಿಹಾಸ ಅಂತ ತಗೋಬೇಡಿ. ಬಿಲದಿಂದ ತಲೆ ಹೊರಹಾಕಿ ನದಿಯ ಕಡೆ ಚಾಚಿಕೊಂಡ ಎರಡು ಹಾವುಗಳು, ಅಂದರೆ ಬಂಡೆಯ ಗುಳಿಯಿಂದ ಹೊರಬಂದ ಈ ತೊಲೆಗಳೇ ಇರಬಹುದಲ್ಲ? ಕಾಲು ಜಾರದಿರಲೆಂದು ಮೇಲೆ ಹಾಸಿದ ಹುಲ್ಲೇ ಆ ಹುಲ್ಲು ಇರಬಹುದಲ್ಲ? ಹಳೆಯ ಕಾಲದ ಯಾವನೋ ಬಡಗಿಯ ಜಾಣತನವನ್ನು ಜನ ದೇವರ ಹೆಸರಲ್ಲಿ ಕಾಪಾಡಿಕೊಂಡು ಬಂದಿದ್ದಾರೆ ಎಂದು ನನಗೆ ಬಲವಾಗಿ ಅನಿಸಿತು.

ಈಗಿನ ರೂಪ ಬಂದಿದ್ದು 1636ರಲ್ಲಿ. ಆಗ ಜಪಾನನ್ನು ಆಳುತ್ತಿದ್ದ ಶೋಗನ್, ಅಂದರೆ ಸೇನಾಧಿಪತಿ, ತೊಕುಗಾವಾ ಇಯೆಮಿತ್ಸು ತನ್ನ ಅಜ್ಜ ಇಯೆಯಾಸುವಿನ ಸಮಾಧಿ ಇರುವ ತೋಶೋಗು ದೇವಸ್ಥಾನವನ್ನು ವೈಭವದಿಂದ ಮತ್ತೆ ಕಟ್ಟಿಸಿದ ಕಾಲ ಅದು. ಸೇತುವೆಗೆ ಕೆಂಪು ಅರಗಿನ ಬಣ್ಣ ಬಂತು. ಕಲ್ಲಿನ ಕಂಬಗಳು ಬಂದವು. ಆಗಿನಿಂದ ಜನಸಾಮಾನ್ಯರು ಇದರ ಮೇಲೆ ಕಾಲಿಡುವಂತಿರಲಿಲ್ಲ. ಶೋಗನ್, ಚಕ್ರವರ್ತಿಯ ದೂತರು, ಬೆಟ್ಟದಲ್ಲಿ ತಪಸ್ಸು ಮಾಡುವವರು, ಇಂಥವರಿಗೆ ಮಾತ್ರ. ಉಳಿದವರಿಗೆ ಸ್ವಲ್ಪ ಕೆಳಗೆ ಬೇರೆ ಸೇತುವೆ. ಅಮೆರಿಕದ ಅಧ್ಯಕ್ಷರಾಗಿದ್ದ ಗ್ರಾಂಟ್ 1879ರಲ್ಲಿ ನಿಕ್ಕೋಗೆ ಬಂದಾಗ ಅವರಿಗೆ ವಿಶೇಷ ಅನುಮತಿ ಸಿಕ್ಕಿತ್ತಂತೆ. ಅವರು ಬೇಡವೆಂದು ನಯವಾಗಿ ಹೇಳಿ ಪಕ್ಕದ ಸೇತುವೆಯಲ್ಲೇ ದಾಟಿದರು ಎಂದು ಅಲ್ಲಿಯ ಜನ ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ.

1902ರಲ್ಲಿ ಪ್ರವಾಹ ಬಂತು. ಸೇತುವೆ ಕೊಚ್ಚಿಹೋಯಿತು. ಎರಡೇ ವರ್ಷದಲ್ಲಿ, 1904ಕ್ಕೆ, ಮತ್ತೆ ಕಟ್ಟಿದರು. ನಾವು ನೋಡುವುದು ಅದನ್ನೇ. 'ಹಾಗಾದರೆ ಇದು ಹಳೆಯದಲ್ಲವಲ್ಲ' ಎಂದು ಯಾರಾದರೂ ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಮರದ ಸೇತುವೆ ಮಳೆಗೆ, ಹಿಮಕ್ಕೆ, ಹುಳಕ್ಕೆ ಸವೆಯುತ್ತಲೇ ಇರುತ್ತದೆ. ತೊಲೆ ಬದಲಿಸಿ, ಅರಗು ಹಚ್ಚಿ, ಮತ್ತೆ ನಿಲ್ಲಿಸುವ ಕೈಗಳಿದ್ದರಷ್ಟೇ ಅದಕ್ಕೆ ಆಯಸ್ಸು. ಕೊನೆಯ ದೊಡ್ಡ ದುರಸ್ತಿ ಮುಗಿದದ್ದು 2005ರಲ್ಲಿ. ಅದಕ್ಕೂ ಮೊದಲೇ, 1999ರಲ್ಲಿ, ನಿಕ್ಕೋದ ದೇಗುಲಗಳ ಜೊತೆ ಸೇತುವೆಯೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು.

1973ರಿಂದ ಎಲ್ಲರಿಗೂ ಪ್ರವೇಶವಿದೆ. ನಾನು 300 ಯೆನ್ ಕೊಟ್ಟು ಒಳಗೆ ಹೋದೆ. ಕಾಲಡಿಯಲ್ಲಿ ಹಲಗೆ ಗಟ್ಟಿಯಾಗಿತ್ತು, ಒಂಚೂರೂ ಅಲುಗಲಿಲ್ಲ. ಅಂಚಿನ ಕಟಕಟೆಯ ಕಂಬಗಳ ತುದಿಗೆ ಈರುಳ್ಳಿ ಆಕಾರದ ಲೋಹದ ಕಳಶಗಳು. ಕೆಂಪು ಮೈಯ ಮೇಲೆ ಬೆಳಕು ಬಿದ್ದು ನುಣ್ಣಗೆ ಹೊಳೆಯುತ್ತಿತ್ತು. ಹತ್ತು ಮೀಟರಿಗೂ ಜಾಸ್ತಿ ಕೆಳಗೆ ನೀರು, ಬಂಡೆಗೆ ಬಡಿದಲ್ಲಿ ಬಿಳಿ, ಮಡುವಿನಲ್ಲಿ ತಿಳಿ ಹಸಿರು. ಆಚೆ ತುದಿ ಮುಚ್ಚಿರುತ್ತದೆ. ಅಲ್ಲಿಯವರೆಗೆ ಹೋಗಿ ಹಿಂದಿರುಗಬೇಕು. ಆ ದಡಕ್ಕೆ ಹೋಗಲು ಎಲ್ಲರ ಹಾಗೆ ಪಕ್ಕದ ರಸ್ತೆ ಸೇತುವೆಯೇ ಗತಿ. ನನಗೆ ಬೇಸರವಾಗಲಿಲ್ಲ. ಅವಸರವಿಲ್ಲದೆ ಸುಮ್ನೆ ನಡುವೆ ನಿಂತು ನದಿ ನೋಡಿದೆ. ಸೇತುವೆಯ ಮೇಲೆ ಹಾಗೆ ನಿಂತಿದ್ದು ನನಗೆ ಅದೇ ಮೊದಲು.

ಕೊನೆಗೆ ಮರಗಳ ವಿಷಯ. ಇದನ್ನು ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. ಸೇತುವೆಯ ಎದುರಿಗೇ, ರಸ್ತೆಯಾಚೆ, ದೊಡ್ಡ ದೊಡ್ಡ ಸುಗಿ ಮರಗಳಿವೆ, ದೇವದಾರುವಿನ ಹಾಗೆ ನೆಟ್ಟಗೆ ಬೆಳೆಯುವ ಜಪಾನಿನ ಮರ. ಅದರಲ್ಲೊಂದಕ್ಕೆ ತಾರೋಸುಗಿ ಎಂದು ಹೆಸರೇ ಇದೆ. 1960ರ ದಶಕದಲ್ಲಿ ವಾಹನಗಳು ಹೆಚ್ಚಾಗಿ, ಈ ತಿರುವಿನಲ್ಲಿ ರಸ್ತೆ ಅಗಲ ಮಾಡಬೇಕು, ಮರ ಕಡಿಯಬೇಕು ಎಂದು ಸರ್ಕಾರ ಹೊರಟಿತು. ತೋಶೋಗು ದೇವಸ್ಥಾನ ಕೋರ್ಟಿಗೆ ಹೋಯಿತು. 1969ರಲ್ಲಿ ಉತ್ಸುನೋಮಿಯಾ ಕೋರ್ಟು, 1973ರಲ್ಲಿ ಟೋಕಿಯೋ ಹೈಕೋರ್ಟು, ಎರಡೂ ಮರಗಳ ಪರವಾಗಿ ನಿಂತವು. ಒಮ್ಮೆ ಹೋದರೆ ಮತ್ತೆ ಬಾರದ ಚೆಲುವು ಇಲ್ಲಿದೆ, ಅದರ ಬೆಲೆಯನ್ನು ಸರಿಯಾಗಿ ತೂಗಿ ನೋಡದೆ ತೀರ್ಮಾನ ಮಾಡಿದ್ದೀರಿ ಎಂಬುದು ಹೈಕೋರ್ಟಿನ ಮಾತಿನ ಸಾರ. ಜಪಾನಿನಲ್ಲಿ ಕಾನೂನು ಓದುವವರಿಗೆ ಇದು ಇವತ್ತಿಗೂ ಪಾಠ.

ಆ ಮರಗಳ ಬಳಿಯೇ ಜಿಂಜಾ ದೈಓನ ಪುಟ್ಟ ಗುಡಿಯಿದೆ. ಎಲ್ಲರೂ ಸೇತುವೆಯ ಫೋಟೋ ತೆಗೆದುಕೊಂಡು ಮೇಲೆ ತೋಶೋಗು ಕಡೆ ಹೋಗಿಬಿಡುತ್ತಾರೆ. ನಾನು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಕೈಮುಗಿದು, ಹ್ಯೂಯೆನ್‌ತ್ಸಾಂಗ್ ನಮ್ಮೂರ ಕಡೆಗೂ ಬಂದಿದ್ದ ಎಂದು ಕನ್ನಡದಲ್ಲೇ ಹೇಳಿದೆ. ನನ್ನ ಬೆನ್ನ ಹಿಂದೆ, ಮರಗಳ ತಿರುವಿನಲ್ಲಿ, ಬಸ್ಸೊಂದು ನಿಧಾನ ಮಾಡಿ ಬಳಸಿಕೊಂಡು ಹೋಯಿತು.