ಪ್ರೇಮ ಕಾದಂಬರಿಯೂ ಒಂದು ವಾರದ ಕಾಯುವಿಕೆಯೂ
ಕೇಳುಗರಿಗೆ ನಮಸ್ಕಾರ. ಮಾಟುಂಗ, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ ವಾರಪತ್ರಿಕೆಯ ಕಾದಂಬರಿಯ ಕಂತು ಕೈಯಿಂದ ಕೈಗೆ ದಾಟುತ್ತಿದ್ದ ಕಾಲವನ್ನು ಬಲ್ಲವರಿಗೆ, ಪ್ರೇಮಕಥೆಗೆ ಕಾಯುವಿಕೆ ಎಷ್ಟು ಮುಖ್ಯವೆಂದು ವಿವರಿಸಬೇಕಿಲ್ಲ. ಹಳೆಯ ಪ್ರೇಮ ಕಾದಂಬರಿಗಳು ಸಿನಿಮಾಕ್ಕಿಂತ ಕಿರುತೆರೆಗೆ ಹೆಚ್ಚು ಒಗ್ಗುತ್ತವೆಂದು ನಾನು ನಂಬುವುದು ಇದೇ ಕಾರಣಕ್ಕೆ.

ಜೇನ್ ಆಸ್ಟಿನ್ ಅವರ ಇಂಗ್ಲಿಷ್ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡೀಸ್’ 1813ರಲ್ಲಿ ಪ್ರಕಟವಾಯಿತು. ನಮ್ಮ ದೂರದರ್ಶನ 1985ರಲ್ಲೇ ಅದನ್ನು ‘ತೃಷ್ಣಾ’ ಎಂಬ ಹಿಂದಿ ಧಾರಾವಾಹಿಯಾಗಿಸಿತ್ತು. ಹೆಣ್ಣುಮಕ್ಕಳ ಮದುವೆಯ ಚಿಂತೆಯಲ್ಲೇ ದಿನ ದೂಡುವ ತಾಯಿಯನ್ನು ಮುಂಬಯಿಯ ಯಾವ ಮನೆಗೂ ಹೊಸದಾಗಿ ಪರಿಚಯಿಸಬೇಕಿರಲಿಲ್ಲ. ಹತ್ತು ವರ್ಷಗಳ ಬಳಿಕ, 1995ರಲ್ಲಿ, ಬಿಬಿಸಿ ಅದೇ ಕಥೆಯನ್ನು ಆಂಡ್ರ್ಯೂ ಡೇವಿಸ್ ಅವರ ಚಿತ್ರಕಥೆಯೊಂದಿಗೆ ಭಾನುವಾರಕ್ಕೊಂದರಂತೆ ಆರು ಕಂತುಗಳಲ್ಲಿ ಪ್ರಸಾರ ಮಾಡಿತು.

ಈ ಕಾದಂಬರಿಯನ್ನು ತೆರೆಗೆ ತರುವವರನ್ನು ನಿಜವಾಗಿ ಕಾಡುವುದು ಒಂದು ಪತ್ರ. ಸಿರಿವಂತ ಡಾರ್ಸಿಯ ಮದುವೆಯ ಪ್ರಸ್ತಾಪವನ್ನು ಕಥಾನಾಯಕಿ ಎಲಿಜಬೆತ್ ಮುಖಕ್ಕೆ ಹೊಡೆದಂತೆ ನಿರಾಕರಿಸುತ್ತಾಳೆ. ಮರುದಿನ ಬೆಳಿಗ್ಗೆ ಅವನು ದೀರ್ಘವಾದ ಪತ್ರವೊಂದನ್ನು ಅವಳ ಕೈಗಿತ್ತು ಹೊರಟುಹೋಗುತ್ತಾನೆ. ಅವಳು ಓದುತ್ತಾಳೆ, ನಂಬುವುದಿಲ್ಲ, ಮಡಿಚುತ್ತಾಳೆ, ಅರೆನಿಮಿಷದಲ್ಲಿ ಮತ್ತೆ ಬಿಡಿಸುತ್ತಾಳೆ. ಡಾರ್ಸಿ ತನಗೆ ಅನ್ಯಾಯ ಮಾಡಿದನೆಂದು ಅವಳನ್ನು ನಂಬಿಸಿದ್ದ ವಿಕಮ್‌ನ ಕುರಿತ ಸಾಲುಗಳನ್ನು ಒಂದೊಂದಾಗಿ ತೂಗಿನೋಡುತ್ತಾಳೆ. ಈವರೆಗೆ ತನ್ನನ್ನೇ ತಾನು ಅರಿತಿರಲಿಲ್ಲವೆಂಬ ನಾಚಿಕೆ ಹೊತ್ತು ಎರಡು ಗಂಟೆಗಳ ಕಾಲ ಅದೇ ಹಾದಿಯಲ್ಲಿ ಅಲೆಯುತ್ತಾಳೆ. ಇಡೀ ಕಾದಂಬರಿ ಹೊರಳುವುದು ಇಲ್ಲಿಯೇ, ಆದರೆ ಹೊರಗೆ ಏನೂ ನಡೆಯುವುದಿಲ್ಲ. ಕ್ಯಾಮೆರಾಕ್ಕೆ ಸಿಗುವುದು ಕಾಗದ ಹಿಡಿದು ನಿಂತ ಹೆಣ್ಣೊಬ್ಬಳಷ್ಟೇ.

ಡೇವಿಸ್ ಅವರು ಡಾರ್ಸಿ ಇರುಳಲ್ಲಿ ಕುಳಿತು ಬರೆಯುವುದನ್ನು ತೋರಿಸಿದರು, ಪತ್ರವನ್ನು ಅವನ ದನಿಯಲ್ಲೇ ಕೇಳಿಸಿದರು, ಹಿಂದೆ ನಡೆದದ್ದನ್ನು ದೃಶ್ಯವಾಗಿಸಿದರು. ಇದರಿಂದ ಒಂದು ನಷ್ಟವೂ ಆಯಿತು: ಪುಟದಲ್ಲಿ ಎಲಿಜಬೆತ್‌ಳ ಜೊತೆ ನಾವೂ ಅವನ ಮಾತನ್ನು ಶಂಕಿಸುತ್ತೇವೆ, ಆದರೆ ಕಣ್ಣಾರೆ ಕಂಡದ್ದನ್ನು ಶಂಕಿಸುವುದು ಕಷ್ಟ.

ಕೊಳದಲ್ಲಿ ಮಿಂದು ಒದ್ದೆ ಅಂಗಿಯಲ್ಲಿ ಬರುವ ಡಾರ್ಸಿಯ ದೃಶ್ಯ ಈ ಧಾರಾವಾಹಿಯಲ್ಲಿ ಎಲ್ಲಕ್ಕಿಂತ ಹೆಸರಾಯಿತು. ಅದು ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಧಾರಾವಾಹಿಯ ನಿಜವಾದ ಸಾಧನೆ ಬೇರೆಡೆಯಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂರನೆಯ ಕಂತು ಆ ನಿರಾಕರಣೆಯೊಂದಿಗೆ ಮುಗಿಯುತ್ತದೆ. ಪತ್ರ ಬರುವುದು ನಾಲ್ಕನೆಯ ಕಂತಿನಲ್ಲಿ. ಕಾದಂಬರಿಯಲ್ಲಿ ಒಂದೇ ರಾತ್ರಿಯ ಅಂತರವಿದ್ದರೆ, ಅಂದಿನ ನೋಡುಗರು ಇಡೀ ಒಂದು ವಾರ ಡಾರ್ಸಿಯ ಮೇಲೆ ಎಲಿಜಬೆತ್‌ಳಷ್ಟೇ ಸಿಟ್ಟು ಇಟ್ಟುಕೊಂಡಿರಬಹುದಿತ್ತು, ಮರುಭಾನುವಾರ ಅವಳಂತೆಯೇ ಅದನ್ನು ಬಿಟ್ಟುಕೊಡಬೇಕಾಗಿತ್ತು. ಒಂದೇ ಕೂರಿಕೆಯಲ್ಲಿ ಮುಗಿಯುವ ಸಿನಿಮಾಕ್ಕೆ ಆ ಅವಕಾಶವಿಲ್ಲ.